ಗಲಭೆ ಕಂಡ ಊರಿನ ಪೊಲೀಸರು ಒಂದೊಂದು ಕಡೆ ಒಂದೊಂದು ಥರ ಯಾಕೆ?

ಕಾನೂನು ಒಂದೇ, ತರಬೇತಿಯೂ ಹೆಚ್ಚುಕಡಿಮೆ ಒಂದೇ, ಆದರೂ ಗಲಭೆ ಕಂಡ ಊರುಗಳಲ್ಲಿ ಪೊಲೀಸರು ಬೇರೆ ಬೇರೆ ರೀತಿ ನಡೆದುಕೊಳ್ಳುತ್ತಾರೆ, ಇದರಲ್ಲಿ ಆ ಊರಿನ ಸಂಸ್ಕೃತಿಯ ಪಾಲೆಷ್ಟು ಎಂದು ಕೇಳಿದ್ದೀರಿ. ನಾನು ಹಳೇ ಹುಬ್ಬಳ್ಳಿಯವನು. ಗಣೇಶ ಮಂಡಳದ ಕೆಲಸಕ್ಕೆಂದು ಪೊಲೀಸರ ಶಾಂತಿ ಸಭೆಗಳಲ್ಲಿ ಕೂತು ಗೊತ್ತು. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಎರಡೇ. ಯಾವ ಓಣಿಯ ಹುಡುಗರು ಪೊಲೀಸ್ ಸೇರುತ್ತಾರೆ? ಸೇರಿದವನನ್ನು ಅವನ ಓಣಿ ಯಾವ ಕಣ್ಣಿನಿಂದ ನೋಡುತ್ತದೆ?

ಉತ್ತರ ಐರ್ಲೆಂಡ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಕ್ಯಾಥೊಲಿಕರಿಗೂ ಪ್ರೊಟೆಸ್ಟೆಂಟರಿಗೂ ಹಳೇ ಜಗಳ. ಜನಸಂಖ್ಯೆಯಲ್ಲಿ ಶೇ. 40ಕ್ಕೂ ಜಾಸ್ತಿ ಕ್ಯಾಥೊಲಿಕರು. ಆದರೆ 1990ರ ದಶಕದ ಕೊನೆಗೆ ಪೊಲೀಸರಲ್ಲಿ ಅವರು ಶೇ. 8ರಷ್ಟು ಮಾತ್ರ. ಸೇರಿದರೆ ಬ್ರಿಟಿಷ್ ಆಳ್ವಿಕೆ ವಿರುದ್ಧ ಬಂದೂಕು ಹಿಡಿದಿದ್ದ ಐಆರ್‌ಎ ಸಂಘಟನೆಯ ಗುಂಡಿನ ಭಯ. ಅದೊಂದೇ ಅಲ್ಲ. ಕ್ಯಾಥೊಲಿಕರ ಊರೂರಲ್ಲೂ ಗೇಲಿಕ್ ಆಟಗಳ (ಐರಿಶ್ ಜನರ ದೇಸಿ ಆಟಗಳು) ಕ್ಲಬ್‌ಗಳಿದ್ದವು. ನಮ್ಮ ಕಡೆ ಗರಡಿ ಮನೆ ಇದ್ದ ಹಾಗೆ, ಹುಡುಗರು ಬೆಳೆಯುತ್ತಿದ್ದುದೇ ಅಲ್ಲಿ. ಆ ಕ್ಲಬ್‌ಗಳನ್ನೆಲ್ಲ ನಡೆಸುವ ಆಟದ ಸಂಘದ 21ನೇ ನಿಯಮದ ಪ್ರಕಾರ ಪೊಲೀಸನಾದವನು ಸದಸ್ಯನಾಗುವಂತಿರಲಿಲ್ಲ. ಅಂದರೆ ಖಾಕಿ ಬೇಕೆಂದರೆ (ಅವರದ್ದು ಹಸಿರು ಸಮವಸ್ತ್ರ, ಇರಲಿ) ಗೆಳೆಯರ ಗುಂಪನ್ನೇ ಬಿಡಬೇಕು. ಯಾವ ಹುಡುಗ ಬಿಟ್ಟಾನು?

1998ರ ಶಾಂತಿ ಒಪ್ಪಂದದ ಬಳಿಕ ಪೊಲೀಸ್ ಸುಧಾರಣೆಗೆಂದು ನೇಮಿಸಿದ ಕ್ರಿಸ್ ಪ್ಯಾಟನ್ ಆಯೋಗ 1999ರಲ್ಲಿ ವರದಿ ಕೊಟ್ಟಿತು. 2001ರ ನವೆಂಬರ್‌ನಲ್ಲಿ ಪೊಲೀಸ್ ಪಡೆಯ ಹೆಸರು ಬದಲಾಯಿತು, ಮುಂದೆ ಲಾಂಛನವೂ ಬದಲಾಯಿತು. ನೇಮಕಾತಿಯಲ್ಲಿ ಅರ್ಧ ಕ್ಯಾಥೊಲಿಕರು, ಅರ್ಧ ಉಳಿದವರು ಎಂಬ ನಿಯಮ 2011ರವರೆಗೆ ನಡೆಯಿತು. ಹೆಸರು ಬದಲಾದ ಆ 2001ರ ನವೆಂಬರ್‌ನಲ್ಲೇ ಆಟದ ಸಂಘವೂ ತನ್ನ 21ನೇ ನಿಯಮ ಕೈಬಿಟ್ಟಿತು. ಹತ್ತು ವರ್ಷದಲ್ಲಿ ಕ್ಯಾಥೊಲಿಕರ ಪಾಲು ಶೇ. 30ರ ಹತ್ತಿರ ಬಂತು. ಸರ್ಕಾರದ ಮೀಸಲಾತಿಯಷ್ಟೇ ಆ ಆಟದ ಸಂಘದ ಮನಸ್ಸು ಬದಲಾದದ್ದೂ ಮುಖ್ಯ ಅನಿಸುತ್ತದೆ ನನಗೆ.

ಪೊಲೀಸನಿಗೆ ತನ್ನವರ ಜೊತೆ ನಂಟು ಜಾಸ್ತಿಯಾದರೂ ಕಷ್ಟವೇ. ಪೆಸಿಫಿಕ್ ಸಾಗರದ ಸೊಲೊಮನ್ ದ್ವೀಪಗಳಲ್ಲಿ ಒಂದೇ ಭಾಷೆಯ, ಒಂದೇ ದ್ವೀಪದ ಜನ ಒಬ್ಬರಿಗೊಬ್ಬರು ಆಗಲೇಬೇಕು ಎಂಬ ವಾಂಟೋಕ್ ಕಟ್ಟು ಗಟ್ಟಿ. 2000ದಲ್ಲಿ ಮಲೈಟಾ ದ್ವೀಪದ ಬಂಡುಕೋರರು ಪೊಲೀಸ್ ಶಸ್ತ್ರಾಗಾರ ಹಿಡಿದಾಗ ಅದೇ ದ್ವೀಪದ ಪೊಲೀಸರೇ ಕೈಜೋಡಿಸಿದರು. 2003ರಲ್ಲಿ ಆಸ್ಟ್ರೇಲಿಯಾದ ನೇತೃತ್ವದಲ್ಲಿ ಹೊರಗಿನ ಪಡೆ ಬಂದು ಬಂದೂಕು ಕಸಿಯಬೇಕಾಯಿತು.

ಈಗ ನಮ್ಮ ಕಡೆ ಬನ್ನಿ. ಒಂದು ತಮಾಷೆ ನೋಡಿ, ನಮ್ಮ ಪೊಲೀಸ್ ವ್ಯವಸ್ಥೆಯ ಬೇರೂ ಐರ್ಲೆಂಡಿನಲ್ಲೇ ಇದೆ. 1843ರಲ್ಲಿ ಸಿಂಧ್ ಗೆದ್ದ ಚಾರ್ಲ್ಸ್ ನೇಪಿಯರ್ ಐರಿಶ್ ಮಾದರಿಯ ಪಡೆ ಕಟ್ಟಿದ. ಅದು ಮುಂಬೈ ಪ್ರಾಂತ್ಯಕ್ಕೆ ಬಂತು. ಧಾರವಾಡ ಆಗ ಅದರಲ್ಲೇ ಇತ್ತು. ಪೊಲೀಸನನ್ನು ಸ್ವಂತ ಊರಿನಿಂದ ದೂರ ಇಡಬೇಕು ಎಂಬುದು ಆ ಐರಿಶ್ ಲೆಕ್ಕಾಚಾರ. ನಮ್ಮಲ್ಲಿ ಇವತ್ತಿಗೂ ಮೇಲಿನ ಸಾಹೇಬರು ಹೊರಗಿನಿಂದ ಬಂದು ಹೋಗುತ್ತಿರುತ್ತಾರೆ. ಕಾನ್‌ಸ್ಟೇಬಲ್ ಮಾತ್ರ ಹಾಗಲ್ಲ, ನೇಮಕವಾದ ಜಿಲ್ಲೆಯಲ್ಲೇ ಉಳಿಯುವವನು, ಹೆಚ್ಚಾಗಿ ರೈತರ ಮನೆಯವನು.

1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆಯಿತು. ನರಗುಂದದಲ್ಲಿ ಪೊಲೀಸರೂ ಸತ್ತರು. ಈಗ ಪ್ರತಿ ವರ್ಷ ಅದೇ ದಿನ ವೀರಗಲ್ಲಿಗೆ ಮಾಲೆ ಬೀಳುತ್ತದೆ. ಪಕ್ಕದಲ್ಲಿ ಬಂದೋಬಸ್ತಿಗೆ ನಿಂತ ಹುಡುಗನ ಕಾಕಾನೋ ಮಾವನೋ ಮಾಲೆ ಹಿಡಿದವರಲ್ಲಿ ಇದ್ದರೆ ಆಶ್ಚರ್ಯವಿಲ್ಲ. ಹಾಗಂತ ಊರಿನವನ ಲಾಠಿ ಮೆತ್ತಗಿರುತ್ತದೆ ಎಂದು ಗ್ಯಾರಂಟಿ ಏನಿಲ್ಲ. 2016ರಲ್ಲಿ ಮಹದಾಯಿ ಹೋರಾಟದ ಹೊತ್ತಿಗೆ ಪೊಲೀಸರು ಹೊಡೆದರು ಎಂಬ ಯಮನೂರಿನ ಜನರ ದೂರು ನಾಡಿಗೇ ಕೇಳಿಸಿತ್ತು, ಅಲ್ವಾ?

ಹುಬ್ಬಳ್ಳಿಯದ್ದು ಬೇರೆ ಥರದ ಗಾಯ. ಈದ್ಗಾ ಮೈದಾನದ ಜಗಳ, 1994ರ ಆಗಸ್ಟ್ 15ರ ಗೋಲಿಬಾರ್ ಇಲ್ಲಿನ ಹಿರಿಯರಿಗೆ ಇನ್ನೂ ಮರೆತಿಲ್ಲ. ಅದಕ್ಕೇ ಗಣೇಶ ಹಬ್ಬ, ಮೊಹರಂ ಬಂತೆಂದರೆ ಶಾಂತಿ ಸಭೆ. ಎರಡೂ ಕಡೆಯ ಹಿರಿಯರು, ಮಂಡಳದವರು, ಚಹಾ, ಭಾಷಣ. ಸುಮ್ನೆ ಶಾಸ್ತ್ರಕ್ಕೆ ಅನ್ನಬೇಡಿ. ಮೆರವಣಿಗೆ ಎಲ್ಲಿ ನಿಲ್ಲಬೇಕು, ಡಿಜೆ ಎಲ್ಲಿ ಬಂದ್ ಮಾಡಬೇಕು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಹಿರಿಯರ ಮಾತಿಗೆ ಓಣಿಯಲ್ಲಿ ಬೆಲೆ ಇದ್ದಷ್ಟು ದಿನ ಇದು ನಡೆಯುತ್ತದೆ. 2022ರ ಏಪ್ರಿಲ್‌ನಲ್ಲಿ ಹಳೇ ಹುಬ್ಬಳ್ಳಿ ಠಾಣೆಗೆ ಕಲ್ಲು ಬಿದ್ದದ್ದು ಮೊಬೈಲಿನಲ್ಲಿ ಹರಿದಾಡಿದ ಒಂದು ಪೋಸ್ಟ್‌ನಿಂದ. ಮೊಬೈಲ್ ಹಿಡಿದ ಹುಡುಗರು ಶಾಂತಿ ಸಭೆಗೆ ಬರುವುದಿಲ್ಲ, ಅವರನ್ನು ಯಾರೂ ಕರೆಯುವುದೂ ಇಲ್ಲ.

ಇನ್ನೊಂದು. ಊರಿನ ರೀತಿಗೆ ಹೊಂದಿಕೊಂಡ ಪೊಲೀಸರೇ ಒಳ್ಳೆಯವರು ಎಂದುಕೊಳ್ಳಬೇಡಿ. ನಮ್ಮಲ್ಲಿ ಠಾಣೆ ಮೆಟ್ಟಿಲು ಹತ್ತಿದರೆ ಮಾನ ಹೋಯಿತು ಎನ್ನುವವರು ಜಾಸ್ತಿ. ಹಾಗಾಗಿ "ಸಾಹೇಬ್ರ, ಕೇಸ್ ಬ್ಯಾಡ್ರಿ, ಕುಂದ್ರಿಸಿ ಬುದ್ಧಿ ಹೇಳ್ರಿ" ಎಂದು ಹಿರಿಯರೇ ಕೇಳಿಕೊಳ್ಳುತ್ತಾರೆ. ಪಕ್ಕದ ಮನೆಯವರ ಬದುವಿನ ಜಗಳಕ್ಕೆ ಅದು ಸರಿ. ಗಂಡನಿಂದ ಹೊಡೆತ ತಿಂದು ಬಂದವಳಿಗೂ ಅದೇ ರಾಜಿ ಮಾಡಿಸಿ, ಅದೇ ಮನೆಗೆ ಕಳಿಸುತ್ತಾರೆ.