ಶುಗರ್ ಇದೆ ಎಂದು ವಿಮೆ ಫಾರ್ಮಿನಲ್ಲಿ ಬರೆಯಲೇಬೇಕೆ?

ಪ್ರಶ್ನೆ: ನನಗೆ 47 ವರ್ಷ, ಶಿರಸಿ ಹತ್ತಿರ ಅಡಿಕೆ ತೋಟ. ಆರು ವರ್ಷದಿಂದ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಆರೋಗ್ಯ ವಿಮೆ ಮಾಡಿಸಲು ಹೋದರೆ ಏಜೆಂಟರು, ‘ಕಾಯಿಲೆ ಕಾಲಂನಲ್ಲಿ ಇಲ್ಲ ಅಂತ ಹಾಕಿಬಿಡೋಣ, ಪ್ರೀಮಿಯಂ ಉಳಿಯುತ್ತೆ’ ಎನ್ನುತ್ತಾರೆ. ನಮ್ಮ ಕಾಯಿಲೆ ಕೇಳುವ ಹಕ್ಕು ಕಂಪನಿಗೆ ಇದೆಯೇ? ಪ್ರತಿ ವರ್ಷವೂ ಕೇಳುತ್ತಾರೆಯೇ?

ಉತ್ತರ: ಹಕ್ಕು ಇದೆ. ದಯವಿಟ್ಟು ‘ಇಲ್ಲ’ ಎಂದು ಹಾಕಿಸಬೇಡಿ.

ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆ ಬಂದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ನಡುರಾತ್ರಿ ಅಲ್ಲಿ ಡ್ಯೂಟಿ ಡಾಕ್ಟರು, ‘ಯಜಮಾನರಿಗೆ ಎಷ್ಟು ವರ್ಷದಿಂದ ಶುಗರ್?’ ಎಂದು ಕೇಳುತ್ತಾರೆ. ಹೆಂಡತಿ ಇದ್ದದ್ದು ಇದ್ದಂತೆ ಹೇಳುತ್ತಾರೆ. ಹೇಳಲೇಬೇಕು, ಜೀವದ ಪ್ರಶ್ನೆ. ಆ ಮಾತು ಕೇಸ್ ಶೀಟಿಗೆ, ಅಲ್ಲಿಂದ ಡಿಸ್ಚಾರ್ಜ್ ಸಮ್ಮರಿಗೆ ಹೋಗುತ್ತದೆ. ಕಂಪನಿಯವರು ಅದನ್ನು ನಿಮ್ಮ ಫಾರ್ಮಿನ ಪಕ್ಕ ಇಟ್ಟು ನೋಡುತ್ತಾರೆ, ಎರಡೂ ತಾಳೆಯಾಗದಿದ್ದರೆ ಕ್ಲೇಮ್ ತಿರಸ್ಕರಿಸಬಹುದು. ‘ಇಲ್ಲ’ ಎಂದು ಬರೆದವರು ಏಜೆಂಟರೇ ಇರಬಹುದು, ಕೆಳಗಿನ ಸಹಿ ನಿಮ್ಮದು.

ನಿಜ ಬರೆದರೆ ಆಗುವ ನಷ್ಟ ಅಷ್ಟು ದೊಡ್ಡದಲ್ಲ. ಪ್ರೀಮಿಯಂ ಸ್ವಲ್ಪ ಏರಬಹುದು, ಒಂದು ಕಂಪನಿ ಬೇಡವೆಂದರೆ ಇನ್ನೊಂದನ್ನು ಕೇಳಬೇಕಾಗಬಹುದು. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ, ಅಂದರೆ ಆ ಕಾಯಿಲೆಯ ಖರ್ಚನ್ನು ಕಂಪನಿ ಕೊಡದ ಮೊದಲ ಕೆಲವು ವರ್ಷ, 2024ರ ನಿಯಮದಂತೆ ಹೆಚ್ಚೆಂದರೆ 3 ವರ್ಷ. ಹಿಂದೆ 4 ಇತ್ತು. ಹೇಳಿದ ಮೇಲೆ ಕಂಪನಿಯ ಕೈಯೂ ಕಟ್ಟಿಬೀಳುತ್ತದೆ. ಅರ್ಜಿದಾರರು ತಿಳಿಸಿದ ಕಾಯಿಲೆಯನ್ನು ಅಳೆದು ತೂಗಿ ಪಾಲಿಸಿ ಕೊಟ್ಟ ಮೇಲೆ, ಅದೇ ಕಾಯಿಲೆಯ ನೆಪದಲ್ಲಿ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂದು 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಪ್ರಕರಣದವರೂ ಶುಗರ್ ಇದೆ ಎಂದು ಮೊದಲೇ ತಿಳಿಸಿದ್ದವರು.

ಪ್ರತಿ ವರ್ಷ ಕೇಳುವುದಿಲ್ಲ. ಹೊಸದಾಗಿ ಮಾಡಿಸುವಾಗ, ವಿಮಾ ಮೊತ್ತ ಏರಿಸುವಾಗ, ಬೇರೆ ಕಂಪನಿಗೆ ಪೋರ್ಟ್ ಮಾಡುವಾಗ ಕೇಳಬಹುದು. ತಪ್ಪದೆ ನವೀಕರಿಸುತ್ತ ಹೋದರೆ, ನಡುವೆ ಕ್ಲೇಮ್ ಮಾಡಿದ್ದೀರಿ ಎಂಬ ಕಾರಣಕ್ಕೆ ನವೀಕರಣ ನಿರಾಕರಿಸುವಂತಿಲ್ಲ. ಆಯುಷ್ಮಾನ್ ಕಾರ್ಡಿಗಂತೂ ಇಂಥ ಪ್ರಶ್ನೆಯೇ ಇಲ್ಲ.

‘ಐದು ವರ್ಷ ಕಳೆದರೆ ಯಾರೂ ಕೇಳಲ್ಲ’ ಎಂಬ ಮಾತನ್ನೂ ನಿಮ್ಮ ಕಿವಿಗೆ ಹಾಕಿಯಾರು. ಸತತ 60 ತಿಂಗಳು ಪಾಲಿಸಿ ನಡೆದರೆ ಮಾಹಿತಿ ಮುಚ್ಚಿಟ್ಟಿದ್ದೀರಿ ಎಂದು ತಕರಾರು ತೆಗೆಯುವಂತಿಲ್ಲ, ನಿಜ. ಆದರೆ ವಂಚನೆ ಸಾಬೀತಾದರೆ ಆ ರಕ್ಷಣೆ ಇಲ್ಲ. ಅದೂ ಅಲ್ಲದೆ, ಆ ಐದು ವರ್ಷದೊಳಗೇ ಆಸ್ಪತ್ರೆ ಸೇರಬೇಕಾಗಿ ಬಂದರೆ?

ಫಾರ್ಮನ್ನು ನೀವೇ ತುಂಬಿ, ಮಾತ್ರೆಗಳ ಹೆಸರೂ ಬರೆಯಿರಿ, ಸಹಿ ಹಾಕಿದ ಮೇಲೆ ಮೊಬೈಲಿನಲ್ಲಿ ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಪಾಲಿಸಿ ಕೈಗೆ ಬಂದ ದಿನವೇ ಅದರ ಜೊತೆಗಿನ ಪ್ರತಿಯಲ್ಲಿ ಕಾಯಿಲೆ ಕಾಲಂ ನೋಡಿ. ತಪ್ಪಿದ್ದರೆ ಕೂಡಲೇ ಬರಹದಲ್ಲಿ ತಿಳಿಸಿ. ಪಾಲಿಸಿಯೇ ಬೇಡವೆನಿಸಿದರೆ ವಾಪಸ್ ಮಾಡಲು 30 ದಿನ ಇರುತ್ತದೆ.