ಮಲ್ಪೆ ರೈಡ್, ಚೈನ್ ತುಕ್ಕು ಮತ್ತು ಡೀಸೆಲ್

ಮಲ್ಪೆ ಬೀಚಲ್ಲಿ ಸೈಕಲ್ ಓಡಿಸಿದ ಮರುದಿನವೇ ಚೈನ್ ಕೆಂಪಾಗ್ತದೆ, ಮಕ್ಕಳ ಗಲಾಟೆಯಲ್ಲಿ ತೊಳೆಯಲು ಪುರುಸೊತ್ತಿಲ್ಲ, ಡೀಸೆಲ್ ಸವರಿಟ್ಟರೆ ಸಾಕಾ ಅಂತ ಕೇಳಿದ್ದೀರಿ. ಸಾಲದು ಮಾರಾಯ್ರೆ. ಡೀಸೆಲ್ ಕೊಳೆ ಬಿಡಿಸ್ತದೆ, ಲೂಬ್‌ನ (ಚೈನಿಗೆ ಹಾಕುವ ಎಣ್ಣೆಯ) ಕೆಲಸ ಮಾಡುವುದಿಲ್ಲ. ಡಿಸ್ಕ್ ರೋಟರ್‌ಗೆ (ಬ್ರೇಕ್ ಹಿಡಿಯುವ ತಟ್ಟೆಗೆ) ಸಿಡಿದರೆ ಬ್ರೇಕೇ ಹಿಡಿಯದು. ಮನೆಗೆ ಬಂದ ಕೂಡಲೇ ಬಾವಿ ನೀರು (ಉಪ್ಪಾಗದ ಬಾವಿಯದ್ದು!) ಸುರಿದು, ಹಳೇ ಬೈರಾಸಿನಲ್ಲಿ ಚೈನ್ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸಿ. ಪೂರ್ತಿ ಒಣಗಿದ ಮೇಲೆ ಚೈನಿನ ಪ್ರತಿ ರೋಲರ್‌ಗೆ (ಕೊಂಡಿಗಳ ನಡುವಿನ ಉರುಳೆಗೆ) ಒಂದೇ ಹನಿ ವೆಟ್ ಲೂಬ್ (ನೀರಿಗೆ ಬೇಗ ತೊಳೆದುಹೋಗದ ದಪ್ಪ ಎಣ್ಣೆ). ಹೊರಗೆ ಮೆತ್ತಿದ್ದನ್ನು ಒರೆಸಿಬಿಡಿ, ಇಲ್ಲದಿದ್ದರೆ ಮರಳೆಲ್ಲ ಅಲ್ಲೇ ಅಂಟ್ತದೆ. ಬೆಳಿಗ್ಗೆ ಬೇಗ ಹೊರಟು ಬಂದರೆ ಮಕ್ಕಳ ಸ್ಕೂಲ್ ವ್ಯಾನ್ ಬರುವ ಮೊದಲೇ ಇದೆಲ್ಲ ಮುಗೀತದೆ. ಕಾರ್ ತೊಳೆಯುವ ಪ್ರೆಷರ್ ಪೈಪ್ ಮಾತ್ರ ಬೇಡ, ಬೇರಿಂಗ್ ಗ್ರೀಸ್ ಹೋಗ್ತದೆ. ಸವೆತ ಅಳೆಯುವ ಚೈನ್ ಚೆಕರ್ 12 ಸ್ಪೀಡಿಗೆ (ಹಿಂದೆ 12 ಗೇರ್ ಇರುವ ಸೈಕಲ್ಲಿಗೆ) 0.5 (ಅಂದ್ರೆ ಶೇಕಡಾ ಅರ್ಧ ಹಿಗ್ಗಿದೆ ಅಂತ) ತೋರಿಸಿದರೆ ಹೊಸ ಚೈನೇ ಹಾಕಿ, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು) ಉಳೀತದೆ.