ಪ್ರತಿಕ್ರಿಯೆ: ಎರ್ಡೈಟ್‌ನಲ್ಲಿ ನೀರು ಎಲ್ಲಿರುತ್ತದೆ?

ಎರ್ಡೈಟ್ ಗಂಧಕದ ಖನಿಜ, ಅದರಲ್ಲಿ ನೀರು ಹೇಗೆ ಬಂತು ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಅದು ಸುಮ್ನೆ ಮೇಲೆ ಅಂಟಿದ ತೇವ ಅಲ್ಲ, ಹರಳಿನ ಭಾಗವೇ. ಪ್ರತಿ ಕಬ್ಬಿಣದ ಪರಮಾಣುವಿನ ಸುತ್ತ ನಾಲ್ಕು ಗಂಧಕ ಇರುತ್ತವೆ. ಇಂಥ ಗುಂಪುಗಳು ಅಂಚಿಗೆ ಅಂಚು ಸೇರಿ ಉದ್ದನೆಯ ಸರಪಳಿಯಾಗುತ್ತವೆ. ಆ ಸರಪಳಿಗಳ ನಡುವೆ ಸೋಡಿಯಂ ಕೂತಿರುತ್ತದೆ, ಒಂದೊಂದು ಸೋಡಿಯಂಗೆ ಎರಡೆರಡು ನೀರಿನ ಅಣು. ಎಷ್ಟು ಚೆಂದದ ಜೋಡಣೆ ಅಲ್ವಾ! ಖನಿಜ ಎಳೆಎಳೆಯಾಗಿರುವುದಕ್ಕೂ ಈ ಸರಪಳಿಗಳೇ ಕಾರಣ. ಬಣ್ಣ ತಾಮ್ರದ ಕೆಂಪು, ತುಂಬಾ ಮೆದು.

ಮೊದಲು ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಹಂಬೋಲ್ಟ್ ಕೌಂಟಿಯ ಕಯೋಟಿ ಪೀಕ್‌ನಲ್ಲಿ. ವಿವರ ಪ್ರಕಟವಾಗಿದ್ದು 1980ರಲ್ಲಿ. ಖನಿಜತಜ್ಞ ರಿಚರ್ಡ್ ಎರ್ಡ್ ಅವರ ಹೆಸರನ್ನೇ ಇಟ್ಟರು. ನೀರಿರುವ ಇನ್ನೊಂದು ಅಪರೂಪದ ಸಲ್ಫೈಡ್ (ಅಂದ್ರೆ ಗಂಧಕದ ಖನಿಜ) ಕಯೋಟಿಐಟ್ ಕೂಡ ಅದೇ ಬೆಟ್ಟದ್ದು.